ಸಿಡಿಯದೆ ಉಳಿದ ಕುಳಿ

ಕಣಿವೆಯಲ್ಲಿ ನಡೆಯುವ ಯೋಚನೆ ನನ್ನದಲ್ಲ. ಬಿಡದಿಯ ನಮ್ಮ ಕಾರ್ಖಾನೆಯಲ್ಲಿ ಕಾರುಗಳ ಒಳಗೆ ಹಾಯುವ ವೈರುಗಳನ್ನು ಜಡೆ ಹೆಣೆದಂತೆ ಹೆಣೆದು ಕಳಿಸುತ್ತಿದ್ದರು. ಹೆಣೆಯುವವರು ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ಕಡೆಯ ಹೆಣ್ಣುಮಕ್ಕಳು. ನಾನು ಅಲ್ಲಿ ವೆಲ್‌ಫೇರ್ ಆಫೀಸರ್. ಕ್ಯಾಂಟೀನಿನ ಸಾರಿನಲ್ಲಿ ನೊಣ ಬಿದ್ದರೂ ನನ್ನ ಮೇಜಿಗೆ, ಗಂಡ ಹೊಡೆದರೂ ನನ್ನ ಮೇಜಿಗೆ, ಬಸ್ಸು ತಡವಾದರೂ ನನ್ನ ಮೇಜಿಗೆ. ಪ್ರತಿ ದಸರಾಕ್ಕೂ ಬಸ್ಸು ಮಾಡಿಕೊಂಡು ಮೈಸೂರಿಗೆ ಹೋಗಿ ಬರುವುದು ಹೊಸ ಮ್ಯಾನೇಜರಿಗೆ ಹಿಡಿಸಲಿಲ್ಲ. ಬೆಟ್ಟಗುಡ್ಡದಲ್ಲಿ ಎಲ್ಲರೂ ಒಟ್ಟಾಗಿ ನಡೆದರೆ ಒಗ್ಗಟ್ಟು ಬರುತ್ತದೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದರು. ದಿನವಿಡೀ ನಿಂತೇ ಕೆಲಸ ಮಾಡುವವರನ್ನು ರಜೆಯ ದಿನವೂ ನಡೆಸಿದರೆ ಯಾವ ಒಗ್ಗಟ್ಟು ಬರುತ್ತದೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರಂತೂ ಬರುವವರಲ್ಲ, ನಡೆಸುವವಳು ನಾನು.

ದಾರಿ ಹುಡುಕಿ ಕೊಟ್ಟವಳು ಟೇಪು ಸುತ್ತುವ ಲೈನಿನ ಒಬ್ಬಳು. ಐದು ತಿಂಗಳ ಕೂಸಿನ ತಾಯಿ. ಹೆರಿಗೆ ರಜೆ ಮುಗಿಸಿ ಬಂದು ಹೆಚ್ಚು ದಿನ ಆಗಿರಲಿಲ್ಲ, ಅದಕ್ಕೇ ಲೈನಿನವರೆಲ್ಲ ಅವಳನ್ನು ಇನ್ನೂ ಬಾಣಂತಿ ಎಂದೇ ಕರೆಯುತ್ತಿದ್ದರು. ಸಾತನೂರಿನಿಂದ ಆಚೆಗೆ ಎರಡು ಗುಡ್ಡಸಾಲುಗಳ ನಡುವೆ ಒಂದು ಉದ್ದನೆಯ ಕಣಿವೆ ಇದೆ. ಅದರ ಕೊನೆಗೆ ಅವಳ ತವರು, ಹತ್ತಿಪ್ಪತ್ತು ಮನೆಯ ಒಂದು ದೊಡ್ಡಿ. ಹುಡುಗಿಯಾಗಿದ್ದಾಗ ಅವಳು ಅಲ್ಲೆಲ್ಲ ಆಡು ಮೇಯಿಸಿದವಳು. "ಬೆಳಗಿನ ತಂಪೊತ್ನಾಗೆ ಇಳಿದ್ರೆ ಬಿಸ್ಲು ನೆತ್ತಿಗೆ ಬರೋ ಒಳಗೆ ನಮ್ಮೂರು ಮೇಡಂ. ನಮ್ಮವ್ವ ಎಲ್ರಿಗೂ ಮುದ್ದೆ ಇಕ್ತದೆ," ಎಂದಳು. ಕೂಸನ್ನು ಏನು ಮಾಡುತ್ತೀಯ ಎಂದೆ. ಅದಕ್ಕೂ ಉಪಾಯ ಹೇಳಿದಳು. ಕೂಸನ್ನು ನೋಡಿಕೊಳ್ಳಲು ಅವಳ ತಾಯಿ ಬಿಡದಿಗೇ ಬಂದು ಇದ್ದಳು. ಕಂಪನಿ ಬಸ್ಸು ನಮ್ಮನ್ನು ಕಣಿವೆಯ ಈ ಬಾಯಲ್ಲಿ ಇಳಿಸಿ ರಸ್ತೆಯ ಮೇಲೆ ಬಳಸಿಕೊಂಡು ದೊಡ್ಡಿಗೆ ಹೋಗುವುದಷ್ಟೆ. ಅಜ್ಜಿ, ಕೂಸು ಬಸ್ಸಿನಲ್ಲೇ ಮುಂದಕ್ಕೆ ಹೋದರಾಯಿತು. ಇಳಿಯುವ ಮುಂಚೆ ಒಂದು ಸಲ ಕುಡಿಸುವುದು, ಊರು ಸೇರಿ ಇನ್ನೊಂದು ಸಲ ಕುಡಿಸುವುದು. ಲೆಕ್ಕ ಸರಿಯಾಗಿತ್ತು.

ತೊಂದರೆ ಇದ್ದದ್ದು ಒಂದೇ. ದೊಡ್ಡಿಗೆ ಸ್ವಲ್ಪ ಮೊದಲು, ಕಣಿವೆ ಕಿರಿದಾಗುವ ಕಡೆ, ಇತ್ತೀಚೆಗೆ ಕಲ್ಲಿನ ಕ್ವಾರಿ ಬಂದಿತ್ತು. ಆಗ ಬೆಂಗಳೂರು ಬೆಳೆದಷ್ಟೂ ನಮ್ಮ ಕಡೆಯ ಬಂಡೆಗಳು ಕರಗುತ್ತಿದ್ದವು. ಕಾಲುದಾರಿ ಆ ಕ್ವಾರಿಯ ಬುಡದಲ್ಲೇ ಹಾದುಹೋಗುತ್ತಿತ್ತು, ಬೇರೆ ದಿನವಾದರೆ ಅಲ್ಲಿ ನಡೆಯುವ ಮಾತೇ ಇಲ್ಲ. ಅದಕ್ಕೇ ವಿಜಯದಶಮಿಯನ್ನು ಆರಿಸಿದೆವು. ಹಿಂದಿನ ದಿನ ಆಯುಧಪೂಜೆ ಮಾಡಿ ಉಳಿ, ಸುತ್ತಿಗೆ, ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿ ಇಟ್ಟಿರುತ್ತಾರೆ, ಯಾರು ಮುಟ್ಟುತ್ತಾರೆ? ನಾವೂ ನಮ್ಮ ಲೈನಿನ ಹಲಗೆಗಳಿಗೆ ಹೂವು ಹಾಕಿ, ಕುಂಬಳಕಾಯಿ ಒಡೆದು ಬಂದವರೇ. ಈ ಮಾತಿಗೆ ಎಲ್ಲರೂ ತಲೆಯಾಡಿಸಿದರು. ಕ್ವಾರಿಯವರನ್ನು ಒಂದು ಮಾತು ಕೇಳೋಣ ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಹಬ್ಬದ ದಿನ ಮದ್ದು ಸಿಡಿಸುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ.

ಬೆಳಗ್ಗೆ ಇಳಿದಾಗ ಮಂಜು ಇನ್ನೂ ರಾಗಿ ತೆನೆಯ ಮೇಲೇ ಇತ್ತು. ಬಾಣಂತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂಸಿಗೆ ಕುಡಿಸಿ, ಅಜ್ಜಿಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ ನಡೆದಳು. ಮುಂದೆ ಅವಳು, ಹಿಂದೆ ನಾನು, ಇಬ್ಬರಿಗೂ ಒಂದೊಂದು ಸೀಟಿ. ನಡುವೆ ಮೂವತ್ತಕ್ಕೂ ಹೆಚ್ಚು ಜನ. ಪ್ರೊಡಕ್ಷನ್ ವಿಭಾಗದ ಇಂಜಿನಿಯರ್ ಒಬ್ಬ ಜೊತೆಗಿದ್ದ. ಹುಬ್ಬಳ್ಳಿ ಕಡೆಯ ಹುಡುಗ, ಚುರುಕು, ಮಾತು ಜಾಸ್ತಿ. ಗಂಡಸರಲ್ಲಿ ನಾಲ್ಕೈದು ಮಂದಿ ಕಂಪನಿ ಕೊಟ್ಟ ಸೇಫ್ಟಿ ಶೂಗಳನ್ನೇ ಹಾಕಿಕೊಂಡು ಬಂದಿದ್ದರು. ಮೂತಿಯಲ್ಲಿ ಕಬ್ಬಿಣವಿರುವ ಆ ಶೂಗಳಲ್ಲಿ ಇಳಿಜಾರು ಇಳಿಯುವುದೆಂದರೆ ಹೆಬ್ಬೆರಳಿಗೆ ಶಿಕ್ಷೆ. ಬೇಡವೆಂದು ನೋಟಿಸ್ ಬೋರ್ಡಿನಲ್ಲಿ ಬರೆಸಿದ್ದೆ. ನೋಟಿಸ್ ಬೋರ್ಡು ಓದುವವರನ್ನು ನಾನು ಇನ್ನೂ ನೋಡಬೇಕಾಗಿದೆ.

ಮೊದಲರ್ಧ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಲದಂಚಿಗೆ ಹುಚ್ಚೆಳ್ಳಿನ ಹಳದಿ ಹೂವು, ಅವರೆಗೆ ಆಗತಾನೇ ಮೊಗ್ಗು. ಹೊಲಗಳು ಮುಗಿದ ಮೇಲೆ ಕುರುಚಲು ಕಾಡು, ಹಳ್ಳದ ಗುಂಟ ದಾರಿ. ಮಳೆ ನಿಂತು ಹಳ್ಳದಲ್ಲಿ ಕಣಕಾಲು ನೀರಿತ್ತು. ಒಂದು ಕಡೆ ಒದ್ದೆ ಮರಳಿನಲ್ಲಿ ಆನೆಯ ಹೆಜ್ಜೆ ಕಂಡಿತು, ಪಕ್ಕದಲ್ಲಿ ಲದ್ದಿ. "ರಾತ್ರಿದು," ಎಂದಳು ಬಾಣಂತಿ, ನೋಡಿಯೂ ನೋಡದ ಹಾಗೆ. "ಹಗಲೊತ್ತು ಬರಲ್ಲ. ಕತ್ಲಾದ್ರೆ ರಾಗಿ ತಿನ್ನಕ್ಕೆ ಇದೇ ದಾರೀಲಿ ಇಳೀತವೆ." ಆಮೇಲೆ ನಮ್ಮವರ ಮಾತು ತಾನಾಗಿ ಕಡಿಮೆಯಾಯಿತು. ಎರಡೂ ಕಡೆಯ ಗುಡ್ಡ ಹತ್ತಿರ ಬರುತ್ತಾ ಬಂತು. ಗುಡ್ಡವೆಂದರೆ ಮಣ್ಣಲ್ಲ, ನಮ್ಮ ಕಡೆಯ ಬೋಳು ಬಂಡೆ, ಮಳೆನೀರಿನ ಕಪ್ಪು ಗೆರೆಗಳು ಬಿದ್ದ ನುಣುಪು ಗೋಡೆ. ಹಿಡಿಯಲು ಒಂದು ಗಿಡವಿಲ್ಲ.

ಕಣಿವೆ ತಿರುಗುವ ಕಡೆ ಒಬ್ಬ ಕೆಂಪು ಬಾವುಟ ಹಿಡಿದು ಬಂಡೆಯ ಮೇಲೆ ಕೂತಿದ್ದ. ಹೊಸ ಅಂಗಿ, ಹಣೆಯ ತುಂಬ ವಿಭೂತಿ. ನಮ್ಮನ್ನು ಕಂಡು ಗಾಬರಿಯಿಂದ ಎದ್ದು ನಿಂತ.

"ನಿಂತ್ಕಳಿ, ನಿಂತ್ಕಳಿ. ಮುಂದಕ್ಕೆ ಹೋಗಂಗಿಲ್ಲ. ಶಾಟ್ ಐತೆ."

"ಇವತ್ತು ಕೆಲಸ ಇಲ್ವಲ್ಲಪ್ಪ?" ಎಂದೆ.

"ಕೆಲ್ಸ ಅಲ್ಲ ಮೇಡಂ, ಪೂಜೆ. ವಿಜಯದಶಮಿ ಮುಹೂರ್ತದಾಗೆ ಮೂರು ಕುಳಿ ಸಿಡಿಸ್ಬೇಕು. ಬೋಣಿಗೆ. ಅದಾದ ಮ್ಯಾಕೆ ಕೆಲ್ಸ ಬಂದ್."

ಅಂದರೆ ವರ್ಷವಿಡೀ ಸಿಡಿಸುವ ಬಂಡೆಯನ್ನು, ಸಿಡಿಸುವುದಿಲ್ಲವೆಂದು ನಾವು ನಂಬಿ ಬಂದ ದಿನವೇ, ದೇವರಿಗೆಂದು ಸಿಡಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ನಕ್ಕರು. ನನಗೂ ನಗು ಬಂತು. ಬಂಡೆಯ ಮರೆಯಲ್ಲಿ ಕೂತೆವು. ಸೀಟಿ ಊದಿದರು. ಮೊದಲು ಒಂದು ಸದ್ದು, ಅದರ ಹಿಂದೆಯೇ ಇನ್ನೊಂದು. ನೆಲ ಅದುರಿತು, ಹಕ್ಕಿಗಳು ಎದ್ದವು. ಹುಡುಗಿಯರು ಚೂಡಿದಾರದ ಧೂಳು ಕೊಡವಿಕೊಂಡು ಹೊರಡಲು ಎದ್ದೇಬಿಟ್ಟರು. ಬಾವುಟದವನು ಮಾತ್ರ ಕದಲಲಿಲ್ಲ. ಕಿವಿ ಕೊಟ್ಟು ಕೂತಿದ್ದ.

ಮೂರನೆಯದು ಸಿಡಿಯಲಿಲ್ಲ.

ಕ್ವಾರಿಯಲ್ಲಿ ಕೆಲಸ ಮಾಡದವರಿಗೆ ಇದರ ಭಯ ಗೊತ್ತಾಗುವುದಿಲ್ಲ. ಸಿಡಿದದ್ದು ಮುಗಿದುಹೋಯಿತು. ಸಿಡಿಯದ ಕುಳಿಯಲ್ಲಿ, ಬಂಡೆಗೆ ಕೊರೆದ ಆ ತೂತಿನಲ್ಲಿ, ಮದ್ದು, ಅದನ್ನು ಹೊತ್ತಿಸುವ ಕೇಪು ಎಲ್ಲ ಹಾಗೇ ಇರುತ್ತವೆ, ಅದು ಯಾವಾಗ ಏಳುತ್ತದೆಂದು ಹೇಳುವಂತಿಲ್ಲ. ಕಾರ್ಖಾನೆಗೆ ಬರುವ ಮುಂಚೆ ನಾನು ಕೆಲವು ವರ್ಷ ಗ್ರಾನೈಟ್ ಕಂಪನಿಯೊಂದರ ಕಚೇರಿಯಲ್ಲಿದ್ದವಳು. ಇಂಥ ಕುಳಿಯ ಹತ್ತಿರ ಆತುರಪಟ್ಟು ಹೋದವನ ಹೆಂಡತಿಗೆ ಪರಿಹಾರದ ಕಾಗದ ಓದಿ ಹೇಳಿದವಳು. ನನ್ನ ನಗು ಅಲ್ಲಿಗೇ ನಿಂತಿತು.

ಸ್ವಲ್ಪ ಹೊತ್ತಿಗೆ ಮದ್ದಿನ ಮೇಸ್ತ್ರಿ ಮರೆಯಿಂದ ನಮ್ಮ ಕಡೆಗೇ ಬಂದ. ಕುಳಿ ತುಂಬಿ ಸಿಡಿಸುವ ಲೈಸನ್ಸು ಇದ್ದವನು ಅವನೊಬ್ಬನೇ. ಸಿಡಿಸುವ ಪೆಟ್ಟಿಗೆಯ ಹಿಡಿಯನ್ನು ಕಳಚಿ ಜೇಬಿಗೆ ಹಾಕಿಕೊಂಡಿದ್ದ, ಅದು ಸರಿಯಾದ ಕೆಲಸ. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮುಹೂರ್ತ ಮೀರುತ್ತದೆಂದು ಅವಸರ ಮಾಡಿದ ಪೂಜಾರಿಯನ್ನು ಬೈದ, ಕೇಪು ಕೊಟ್ಟವನನ್ನು ಬೈದ, ನಮ್ಮನ್ನೂ ಬೈದ.

"ಫೋನು ಗೀನು ಎಲ್ಲ ಆಫ್ ಮಾಡ್ರಿ ಮೊದ್ಲು. ಕರೆಂಟ್ ಕೇಪು ಅದು. ನಿಮ್ಮ ಫೋನ್ ಸಿಗ್ನಲ್‌ಗೆ ಎದ್ಬುಟ್ರೆ ಯಾರ್ ಕೇಳೋರು?"

ಇಂಥ ಹೊತ್ತಿನ ಕ್ರಮ ನನಗೂ ಗೊತ್ತಿತ್ತು. ಕಾಯಬೇಕು. ಕಾದ ಮೇಲೆ ಮೇಸ್ತ್ರಿ ಒಬ್ಬನೇ ಹೋಗಿ ನೋಡಬೇಕು. ಹಳೆಯ ಕುಳಿಯನ್ನು ಕೆದಕುವಂತಿಲ್ಲ. ಅದರಿಂದ ಸ್ವಲ್ಪ ಅಂತರ ಬಿಟ್ಟು ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕುಳಿ ಕೊರೆದು, ಅದನ್ನು ತುಂಬಿ ಸಿಡಿಸಿದರೆ ಹಳೆಯದೂ ಜೊತೆಗೆ ಹೋಗುತ್ತದೆ. ಮೇಸ್ತ್ರಿ ಹೋಗಿ ನೋಡಿ ಬಂದ. ಕುಳಿಯಿಂದ ವೈರು ಹಾಗೇ ನೇತಾಡುತ್ತಿತ್ತು, ನಮ್ಮ ಕಾಲುದಾರಿಗೆ ನೇರ ಮೇಲೆ. ಕೊರೆಯಲು ಕಂಪ್ರೆಸರ್ ಇತ್ತು. ಬಾಳೆಕಂದು ಕಟ್ಟಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಆಚೆ ದಡದಲ್ಲಿ ನಿಂತಿತ್ತು. ಅದನ್ನು ನಡೆಸುವವನು ಪೂಜೆ ಮುಗಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಡತಿಯ ಊರಿಗೆ ಹೋಗಿಬಿಟ್ಟಿದ್ದ.

ಹಿಂದಕ್ಕೆ ಹೋಗೋಣವೇ? ಯೋಚಿಸಿದೆ. ಸೇಫ್ಟಿ ಶೂನವರು ಆಗಲೇ ಕುಂಟುತ್ತಿದ್ದರು. ಬಿಸಿಲು ನೆತ್ತಿಗೆ ಬಂದಿತ್ತು. ಈ ಜನವನ್ನು ಕಟ್ಟಿಕೊಂಡು ತಿರುಗಿ ನಡೆದರೆ ರಸ್ತೆ ಸೇರುವಷ್ಟರಲ್ಲಿ ಕತ್ತಲೆ, ಕತ್ತಲಾದರೆ ಆ ದಾರಿ ಆನೆಗಳದ್ದು. ಎರಡು ಪಕ್ಕಕ್ಕೂ ಬಂಡೆ, ಮುಂದೆ ಆ ಕುಳಿ. ಕಣಿವೆಯ ಆ ಕೊನೆಗೆ, ಕ್ವಾರಿಯ ಆಚೆ, ದೊಡ್ಡಿಯ ತೆಂಗಿನ ಮರಗಳು ಕಾಣುತ್ತಿದ್ದವು. ಒಂದು ಮನೆಯ ಹೊಗೆಯೂ ಕಾಣುತ್ತಿತ್ತು.

ಬಾಣಂತಿ ಆ ಹೊಗೆಯನ್ನೇ ನೋಡುತ್ತಾ ನಿಂತಿದ್ದಳು. ಕೂಸು ಇಷ್ಟು ಹೊತ್ತು ತಾಯಿಯ ಹಾಲಿಲ್ಲದೆ ಇದ್ದದ್ದಿಲ್ಲ. ಕಾರ್ಖಾನೆಯಲ್ಲಿ ಎರಡು ಸಲ ಗೇಟಿನ ಹತ್ತಿರದ ಕೋಣೆಗೆ ಅಜ್ಜಿ ತರುತ್ತಿದ್ದಳು. ಬಾಟಲಿ ಬಾಯಿಗಿಟ್ಟರೆ ಉಗಿಯುತ್ತಿತ್ತು, ಒಳಲೆಯಲ್ಲಿ ಹಸುವಿನ ಹಾಲು ಹೊಯ್ದರೂ ಅಷ್ಟೇ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಆ ಕೋಣೆ ಬಿಡಿಸಿ ಕೊಟ್ಟವಳು ನಾನೇ.

ಕಣಿವೆಯ ತಿರುವಿನಿಂದ ತುಂಬಾ ಹಿಂದೆ ಒಂದು ದೊಡ್ಡ ಗುಂಡುಕಲ್ಲಿನ ಮೇಲೆ ಹತ್ತಿದರೆ ಫೋನಿಗೆ ಒಂದು ಗೆರೆ ಸಿಗ್ನಲ್ ಸಿಗುತ್ತದೆಂದು ಇಂಜಿನಿಯರ್ ಕಂಡುಹಿಡಿದ. ಅಷ್ಟು ದೂರವಾದರೆ ಅಡ್ಡಿಯಿಲ್ಲ ಎಂದ ಮೇಸ್ತ್ರಿ. ನಾನೂ ಬಾಣಂತಿಯೂ ಅಲ್ಲಿಗೆ ಹೋಗಿ ಬಸ್ಸಿನ ಡ್ರೈವರಿಗೆ ಫೋನು ಮಾಡಿದೆವು. ಅವನು ದೊಡ್ಡಿಯಲ್ಲಿ ಯಾರದೋ ಜಗಲಿಯ ಮೇಲೆ ಹೋಳಿಗೆ ತಿನ್ನುತ್ತಿದ್ದವನು.

"ಎಲ್ಲಿದೀರ ಮೇಡಂ? ಇಲ್ಲಿ ಕೂಸು ರಂಪ ಮಾಡ್ತಾ ಐತೆ. ಅಜ್ಜಿ ಒಳಲೆ ಹಿಡ್ಕಂಡು ಅಳ್ತಾವ್ಳೆ. ಒಂದ್ ಹನೀನೂ ಒಳಕ್ಕೆ ಹೋಗ್ಲಿಲ್ಲ."

ಬಾಣಂತಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಆ ಕಡೆಯಿಂದ ನನಗೆ ಕೇಳಿಸಿದ ಅಳುವಿನ ಸದ್ದು ಅವಳಿಗೂ ಕೇಳಿಸಿರಬೇಕು. ನೋಡನೋಡುತ್ತಾ ಅವಳ ರವಿಕೆ ಎರಡು ಕಡೆಯೂ ಒದ್ದೆಯಾಯಿತು. ಫೋನನ್ನು ನನ್ನ ಕೈಗೆ ತುರುಕಿ, ಗುಂಡಿನಿಂದ ಜಾರಿ ಇಳಿದು, ಕ್ವಾರಿಯ ಕಡೆಗೆ ಓಡತೊಡಗಿದಳು.

ನಾನು ಓಡುವ ಹೆಂಗಸಲ್ಲ. ಅವತ್ತು ಓಡಿದೆ. ಬಾವುಟದವನ ಹತ್ತಿರ, ಅವನು ಅಡ್ಡ ಕಟ್ಟಿದ್ದ ಹಗ್ಗವನ್ನು ಅವಳು ದಾಟುವಾಗ, ಸೆರಗು ಸಿಕ್ಕಿತು. ಎಳೆದೆ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು.

"ಬುಡಿ ಮೇಡಂ. ಒಂದು ಓಟ ಅಷ್ಟೆ. ಆಚೆಗೋಗ್ಬುಡ್ತೀನಿ."

"ಬಿಡಲ್ಲ."

"ನಿಮಗೇನ್ ಗೊತ್ತು? ಮಕ್ಕಳಿಲ್ಲ, ಮರಿ ಇಲ್ಲ ನಿಮಗೆ."

ಚುಚ್ಚಿತು. ಸುತ್ತ ನಿಂತ ಹುಡುಗಿಯರು ನೆಲ ನೋಡಿದರು. ಇಂಥ ಮಾತಿಗೆ ಮದುವೆಮನೆಗಳಲ್ಲಿ ಖಾರವಾಗಿ ಉತ್ತರ ಕೊಟ್ಟು ಅಭ್ಯಾಸವಿದೆ ನನಗೆ. ಅವತ್ತು ಮಾತ್ರ "ಇಲ್ಲ ಕಣೆ. ಆದ್ರೂ ಬಿಡಲ್ಲ," ಎಂದೆ. ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.

ಇಂಜಿನಿಯರ್ ಮೆಲ್ಲಗೆ ಹತ್ತಿರ ಬಂದ. ಸಿಡಿಯದೆ ಉಳಿದದ್ದು ಒಂದೇ ಕುಳಿ, ದಾಟಬೇಕಾದ ದೂರ ಚಿಕ್ಕದು, ಒಬ್ಬೊಬ್ಬರಾಗಿ ಓಡಿದರೆ ಅಪಾಯ ತೀರಾ ಕಡಿಮೆ ಎಂದು ವಿವರಿಸತೊಡಗಿದ. ತಲೆ ಕೆಟ್ಟ ಮಾತಲ್ಲ. ಹತ್ತು ಸಲ ದಾಟಿದರೆ ಹತ್ತು ಸಲವೂ ಏನೂ ಆಗದೆ ಇರಬಹುದು. ಎಲ್ಲರ ಕಣ್ಣೂ ನನ್ನ ಮೇಲಿತ್ತು, ಮೇಸ್ತ್ರಿಯದೂ ಸೇರಿ. ನಾನು ಹೂಂ ಎಂದರೆ ಅವನಿಗೂ ತಲೆನೋವು ತಪ್ಪುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಹೂಂ ಎನ್ನಬೇಕೆನಿಸಿತು. ಆ ಅಳುವಿನ ಸದ್ದು ನನಗೂ ಕೇಳಿಸಿತ್ತು.

"ಕುಳಿ ಹೋಗೋವರೆಗೆ ಯಾರೂ ಈ ಹಗ್ಗ ದಾಟಲ್ಲ," ಎಂದೆ. "ಕಂಪ್ರೆಸರ್‌ನವನನ್ನು ನಮ್ಮ ಬಸ್ಸಲ್ಲೇ ಕರೆಸ್ತೀನಿ." ಆಮೇಲೆ ಬಾಣಂತಿಯ ಕಡೆ ತಿರುಗಿ, ದೊಡ್ಡಿಯಲ್ಲಿ ಎಳೆ ಕೂಸಿನ ತಾಯಿ ಬೇರೆ ಯಾರೂ ಇಲ್ಲವೇ ಎಂದು ಕೇಳಿದೆ.

ಅವಳು ಮೊಣಕೈಗೆ ಅಂಟಿದ್ದ ಜಲ್ಲಿ ಒರೆಸಿಕೊಂಡಳು. "ಊರೊಳಗೆ ಯಾರೂ ಇಲ್ಲ. ಕ್ವಾರಿ ಶೆಡ್ಡಲ್ಲಿ ಒಬ್ಳು ಅವ್ಳೆ. ಧರ್ಮಪುರಿ ಕಡೆಯೋಳು, ಗಂಡ ಕಲ್ಲು ಒಡೀತಾನೆ. ನಮ್ ಕೂಸಿಗಿಂತ ಒಂದ್ ತಿಂಗ್ಳು ಚಿಕ್ಕದು ಅವಳ್ದು." ತೆಂಗಿನ ಮರಗಳ ಕಡೆ ನೋಡಿದಳು. "ನಮ್ಮವ್ವ ಒಪ್ಪಲ್ಲ ಮೇಡಂ. ಶೆಡ್ಡಿನೋರು ಮುಟ್ಟಿದ ಬಿಂದಿಗೇನ ಮೂರು ಸಲ ತೊಳೀತದೆ ನಮ್ಮವ್ವ. ನಮ್ಮ ಜನಾನೇ ಹಂಗೆ."

"ನೀನು ಒಪ್ತೀಯಾ?"

ಅವಳು ಎದ್ದು ಗುಂಡಿನ ಕಡೆ ನಡೆದಳು. ನಾನು ಸೆರಗು ಬಿಡದೆ ಹಿಂದೆ ಹೋದೆ. ಇಂಜಿನಿಯರ್ ಗುಂಡಿನ ತುದಿಯಲ್ಲಿ ಕೈ ಎತ್ತಿ ಫೋನು ಹಿಡಿದು ಗೆರೆ ಹುಡುಕಿ ಕೊಟ್ಟ. ಡ್ರೈವರ್ ಸಿಕ್ಕಿದ. ಅವಳೇ ಮಾತಾಡಿದಳು.

"ಅಣ್ಣ, ಅವ್ವಂಗೆ ಯೋಳು. ಕೂಸ್ನ ಎತ್ಕಂಡು ಶೆಡ್ಡಿಗೋಗಿ ಆ ಧರ್ಮಪುರಿಯೋಳ ಕೈಲಿ ಕುಡಿಸ್ಕಂಡು ಬಾ ಅಂತ ನಾನು ಯೋಳ್ದೆ ಅನ್ನು. ಒಪ್ಲಿಲ್ಲ ಅಂದ್ರೆ, ನನ್ ಮಗಿನ ಜೀವಕ್ಕಿಂತ ನಿಂಗೆ ಬಿಂದಿಗೆ ದೊಡ್ದಾ ಅಂತ ಕೇಳ್ದೆ ಅನ್ನು. ಇದೇ ಮಾತು ಯೋಳು."

ಅದಾದ ಮೇಲೆ ನಾನು ಮಾತಾಡಿ, ಮೇಸ್ತ್ರಿಯಿಂದ ಕೇಳಿಕೊಂಡಿದ್ದ ಕಂಪ್ರೆಸರ್‌ನವನ ಮಾವನ ಊರು ಹೇಳಿ, ಬಸ್ಸು ತೆಗೆದುಕೊಂಡು ಹೋಗಿ ಕರೆತರಲು ಹೇಳಿದೆ. ಮೊದಲು ಅಜ್ಜಿಗೆ ಹೇಳು, ಆಮೇಲೆ ಹೊರಡು ಎಂದೆ. ಅವನು ಆಯ್ತು ಎಂದ. ಗೆರೆ ಹೋಯಿತು. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ ಅವನು ಸಿಗಲಿಲ್ಲ, ಗುಡ್ಡಗಳ ನಡುವೆ ಎಲ್ಲೋ ಬಸ್ಸು ಓಡಿಸುತ್ತಿದ್ದ.

ಇನ್ನು ಕೂರುವುದು. ಕೂತೆವು. ಬಂಡೆ ಕಾಯುತ್ತಿತ್ತು, ಮೇಲಿಂದಲೂ ಬಿಸಿಲು, ಕೆಳಗಿಂದಲೂ ಬಿಸಿ. ತಂದಿದ್ದ ಚಿತ್ರಾನ್ನವನ್ನು ಹಂಚಿಕೊಂಡು ತಿಂದೆವು. ಸೇಫ್ಟಿ ಶೂನವರು ಹಳ್ಳದಲ್ಲಿ ಕಾಲಿಟ್ಟುಕೊಂಡು ಕೂತರು. ಮೊದಮೊದಲು ಅಂತ್ಯಾಕ್ಷರಿ ಹಾಡಿದ ಹುಡುಗಿಯರು ಬಾಣಂತಿಯ ಮುಖ ನೋಡಿ ನಿಲ್ಲಿಸಿದರು. ಅಳು ಆ ದೂರಕ್ಕೆ ಕೇಳುವುದು ಸಾಧ್ಯವಿರಲಿಲ್ಲ. ಆದರೂ ಗಾಳಿ ತಿರುಗಿದಾಗಲೆಲ್ಲ ನಾನೂ ಕಿವಿ ಕೊಡುತ್ತಿದ್ದೆ. ಅಜ್ಜಿ ಹೋದಳೋ ಇಲ್ಲವೋ, ಆ ಹೆಂಗಸು ಹೂಂ ಎಂದಳೋ ಇಲ್ಲವೋ, ಏನೊಂದೂ ತಿಳಿಯುವ ದಾರಿಯಿರಲಿಲ್ಲ. ತೆಂಗಿನ ಮರ ಕಾಣುತ್ತದೆ, ಹೊಗೆ ಕಾಣುತ್ತದೆ, ಅಷ್ಟೇ. ಇಷ್ಟು ಹತ್ತಿರವಿದ್ದು ಇಷ್ಟು ಕೈಲಾಗದೆ ನಾನು ಜೀವನದಲ್ಲಿ ಕೂತದ್ದಿಲ್ಲ.

ಕ್ವಾಲಿಟಿ ವಿಭಾಗದ ಹಿರಿಯ ಹೆಂಗಸು, ನಾಲ್ಕು ಹೆತ್ತವಳು, ಬಾಣಂತಿಯನ್ನು ಬಂಡೆಯ ಮರೆಗೆ ಕರೆದಳು. ಎದೆ ಕಲ್ಲಾಗಿತ್ತು, ಮೈ ಬಿಸಿಯಾಗುತ್ತಿತ್ತು.

"ಒಸಿ ಹಿಂಡಾಕ್ಬುಡು ಮಗ. ಇಂಗೇ ಬುಟ್ರೆ ಜ್ವರ ಬತ್ತದೆ. ನಾವೆಲ್ಲ ಅಡ್ಡ ನಿಂತ್ಕತ್ತೀವಿ."

"ಬ್ಯಾಡ ಅಕ್ಕ. ಹೋದ ತಕ್ಷಣ ಕುಡಿಸ್ಬೇಕು. ಕಲ್ಲಿಗೆ ಚೆಲ್ಲಕ್ಕೆ ನನ್ ಕೈಲಿ ಆಗಕಿಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಎದೆಗೆ ಒದ್ದೆ ಬಟ್ಟೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು ಕೂತಳು. ನಾನು ಪಕ್ಕದಲ್ಲೇ ಕೂತಿದ್ದೆ. ಸೆರಗು ಯಾವಾಗಲೋ ಬಿಟ್ಟಿದ್ದೆ.

ನೆರಳು ಪೂರ್ವದ ಬಂಡೆಯ ಅರ್ಧ ಏರಿದಾಗ ಆಚೆ ದಡದಲ್ಲಿ ಕಂಪ್ರೆಸರ್ ಗುಡುಗಿತು. ಯಾರೋ ಬಾಳೆಕಂದುಗಳನ್ನು ಕಿತ್ತೆಸೆದದ್ದು ಕಂಡಿತು; ಚೆಂಡುಹೂವಿನ ಹಾರ ಮಾತ್ರ ಹಾಗೇ ಇತ್ತು. ಮೇಸ್ತ್ರಿ ಹೋಗಿ ಹಳೆಯ ಕುಳಿಯಿಂದ ಬೇಕಾದಷ್ಟು ಅಂತರ ಬಿಟ್ಟು ಸುಣ್ಣದಲ್ಲಿ ಗುರುತು ಹಾಕಿದ. ಕೊರೆಯುವ ಸದ್ದು ಶುರುವಾಯಿತು. ಕಂಪ್ರೆಸರ್‌ನವನು ಸ್ವಲ್ಪ ಕೊರೆದ, ನಿಲ್ಲಿಸಿ ಅಳೆದ, ಮತ್ತೆ ಕೊರೆದ. ಮೇಸ್ತ್ರಿ ಮದ್ದು ತುಂಬಿದ. ಎಲ್ಲರೂ ಬಂಡೆಯ ಹಿಂದೆ. ಸೀಟಿ. ಈ ಸಲದ ಸದ್ದು ಬೆಳಗಿನ ಎರಡನ್ನೂ ಮೀರಿಸಿತು. ಮೇಸ್ತ್ರಿ ಹೋಗಿ, ಬಗ್ಗಿ, ಸುತ್ತಾಡಿ, ಕಲ್ಲುಗಳನ್ನು ಎತ್ತಿ ನೋಡಿದ. ಅವನು ನೋಡಿದಷ್ಟು ಹೊತ್ತೂ ಬಾಣಂತಿ ಹಗ್ಗ ಹಿಡಿದು ನಿಂತಿದ್ದಳು. ಹಸಿರು ಬಾವುಟ ಎದ್ದಿತು.

ಅವಳು ಓಡಿದಳು. ಈ ಸಲ ನಾನು ಹಿಡಿಯಲಿಲ್ಲ, ಹಿಂದೆ ಹಿಂದೆಯೇ ಏದುಸಿರು ಬಿಡುತ್ತಾ ಹೋದೆ. ದೊಡ್ಡಿಯ ಕಡೆ ಹೋಗಬೇಕಾದವಳು ಕವಲಿನಲ್ಲಿ ಒಂದು ಗಳಿಗೆ ನಿಂತು, ಶೆಡ್ಡುಗಳ ಕಡೆ ತಿರುಗಿದಳು.

ತಗಡಿನ ಶೆಡ್ಡಿನ ಮುಂದೆ ಒಂದು ಕಲ್ಲಿನ ಮೇಲೆ ಅಜ್ಜಿ ಕೂತಿದ್ದಳು. ಒಳಗೆ ಹೋಗಿರಲಿಲ್ಲ, ಹೊಸ್ತಿಲಿಗೆ ಒಂದು ಮಾರು ದೂರದಲ್ಲೇ ಕೂತಿದ್ದಳು. ಬಾಗಿಲಲ್ಲಿ ಆ ಹೆಂಗಸು, ಇಪ್ಪತ್ತರ ಆಸುಪಾಸಿನವಳು, ಗೋಡೆಗೆ ಒರಗಿದ್ದಳು. ನಮ್ಮ ಕೂಸು ಅವಳ ತೊಡೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು. ಹೊಟ್ಟೆ ತುಂಬಿದ ನಿದ್ದೆ, ಕೈ ಸಡಿಲಾಗಿ ಜೋತಿತ್ತು.

ಬಾಣಂತಿ ಮೊಣಕಾಲೂರಿ ಕೂತಳು. ಕೂಸಿನ ಕೆನ್ನೆ ಮುಟ್ಟಿದಳು, ಬಾಯಿಗೆ ಎದೆ ಒಡ್ಡಿ ನೋಡಿದಳು. ಅದು ಮುಖ ತಿರುಗಿಸಿ ಮಲಗಿತು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದವಳು ಆಗ ಅತ್ತಳು. ಸಮಾಧಾನಕ್ಕೋ, ನೋವಿಗೋ, ನನಗೆ ಗೊತ್ತಾಗಲಿಲ್ಲ.

ಶೆಡ್ಡಿನ ಒಳಗೆ ಇನ್ನೊಂದು ಅಳು ಕೇಳುತ್ತಿತ್ತು. ಸೀರೆಯ ಜೋಲಿಯಲ್ಲಿ ಆ ಹೆಂಗಸಿನ ಮಗು ಕಾಲು ಒದೆಯುತ್ತಿತ್ತು. ಅವಳು ನಮ್ಮ ಮುಖ ನೋಡಿ ನಾಚಿಕೊಂಡಳು.

"ಎರಡು ತಟವೆ, ಎರಡು ಸಲ ಕುಡಿಸ್ದೆ ಅಕ್ಕಾ, ಇದು ತುಂಬಾ ಹಸ್ದಿತ್ತು," ಎಂದಳು ತಮಿಳು ಬೆರೆತ ಅವಳ ಕನ್ನಡದಲ್ಲಿ. "ಈಗ ಹಾಲು ಇಲ್ಲ. ನಮ್ದು ತಾಳ್ಕಂಡಿರ್ತದೆ, ಪರವಾಗಿಲ್ಲ."

ಬಾಣಂತಿ ಕಣ್ಣು ಒರೆಸಿಕೊಂಡಳು. ಅಜ್ಜಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ತಲೆ ಬಗ್ಗಿಸಿ ತಗಡಿನ ಬಾಗಿಲೊಳಗೆ ಹೋಗಿ, ಜೋಲಿಯಿಂದ ಆ ಮಗುವನ್ನು ಎತ್ತಿಕೊಂಡು, ಅಲ್ಲೇ ನೆಲದ ಮೇಲೆ ಕೂತು ಎದೆಗೆ ಹಚ್ಚಿದಳು. ಅಳು ಗಕ್ಕನೆ ನಿಂತಿತು. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ಹೊರಗೆ ನಿಂತ ನನಗೂ ಕೇಳುತ್ತಿತ್ತು. ಹಾಲು ಜೋರಾಗಿ ಬಂದು ಅದು ಒಂದು ಸಲ ಕೆಮ್ಮಿತು.

ಅಜ್ಜಿ ಕಲ್ಲಿನಿಂದ ಎದ್ದಳು. ಹೊಸ್ತಿಲ ಹತ್ತಿರ ಬಂದು ನಿಂತಳು. ಬೈಯುತ್ತಾಳೆಂದುಕೊಂಡೆ. ಅವಳು ಒಳಗೆ ಕಾಲಿಟ್ಟು, ಮಗಳ ಪಕ್ಕ ಬಗ್ಗಿ, ಆ ಮಗುವಿನ ತಲೆಯ ಕೆಳಗೆ ತನ್ನ ಅಂಗೈ ಕೊಟ್ಟಳು.

"ತಲೆ ಒಸಿ ಎತ್ತಿ ಹಿಡಿಯೇ," ಎಂದಳು. "ನೆತ್ತಿಗತ್ತೀತು."